ಮಾಗಡಿ ಕೆರೆಗೆ ಎರಡು ಕಡೆಯ ಕುತ್ತು

ಹವಾಮಾನ ಬದಲಾವಣೆಯಿಂದ ಕೆಡುತ್ತಿರುವ ಪ್ರವಾಸಿ ತಾಣಗಳ ಪಟ್ಟಿ ಮಾಲ್ಡೀವ್ಸ್‌ನಿಂದ ಶುರುವಾಗಿ ವೆನಿಸ್‌ನಲ್ಲಿ ಮುಗಿಯುತ್ತದೆ. ಹುಬ್ಬಳ್ಳಿ, ಗದಗಿನ ಮಂದಿ ಡಿಸೆಂಬರಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವ ಮಾಗಡಿ ಕೆರೆಯ ಹೆಸರು ಅದರಲ್ಲಿ ಇರುವುದಿಲ್ಲ. ಬೆಂಗಳೂರು ಕಡೆಯ ಮಾಗಡಿಯಲ್ಲ, ಗದಗಿನಿಂದ 26 ಕಿ.ಮೀ. ದೂರದ, ಶಿರಹಟ್ಟಿ ತಾಲ್ಲೂಕಿನ ನಮ್ಮ ಮಾಗಡಿ. ನೀರಾವರಿಗೆಂದು ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿಯ ಜೊತೆಗೆ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗು ನೆಲೆಗಳ ಪಟ್ಟಿ, ಸೇರಿತು.

ಇಲ್ಲಿಯ ನಿಜವಾದ ಪ್ರವಾಸಿಗರು ಪಟ್ಟೆತಲೆಯ ಹೆಬ್ಬಾತುಗಳು. ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ಟ್ಯಾಗು ಕಟ್ಟಿದ ಹಕ್ಕಿಯೊಂದು 7,290 ಮೀಟರ್ ಎತ್ತರ ಮುಟ್ಟಿದ ದಾಖಲೆಯಿದೆ. ಅವುಗಳ ಹಿಮೋಗ್ಲೋಬಿನ್ ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಹಗಲಿಗಿಂತ ರಾತ್ರಿಯ ತಣ್ಣನೆಯ ಗಾಳಿ ಹೆಚ್ಚು ಸಾಂದ್ರ, ರೆಕ್ಕೆಗೆ ಹೆಚ್ಚು ಆಸರೆ. ಹಾಗಾಗಿ ಎತ್ತರದ ಕಣಿವೆಗಳನ್ನು ಬಹುಮಟ್ಟಿಗೆ ರಾತ್ರಿಯಲ್ಲಿ, ನಸುಕಿನಲ್ಲಿ ದಾಟುತ್ತವೆ. ಇಷ್ಟೆಲ್ಲ ಸಾಹಸ ಮಾಡಿ ಬಂದು ನಮ್ಮ ಎರೆ ಹೊಲದ ಬೆಳೆ ಮೇಯುತ್ತವೆ. ಹೊಲದವರ ಸಿಟ್ಟು ತಪ್ಪಲ್ಲ.

ಮೊದಲ ಕುತ್ತು ಕೆರೆಯದ್ದೇ. ಗದಗ ಸೀಮೆಗೆ ಬೀಳುವ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ತೆರೆದ ನೀರಿನಿಂದ ಆವಿಯಾಗಿ ಹೋಗಬಲ್ಲದ್ದು ಅದರ ದುಪ್ಪಟ್ಟಿಗೂ ಹೆಚ್ಚು. ಕೆರೆ ಬದುಕುವುದು ತನ್ನ ಮೇಲೆ ಬಿದ್ದ ಮಳೆಯಿಂದಲ್ಲ, ಸುತ್ತಲಿನ ಹೊಲ-ಗುಡ್ಡಗಳಿಂದ ಹರಿದು ಬಂದ ನೀರಿನಿಂದ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿದುಕೊಳ್ಳಬಲ್ಲದು. ಇದರ ಪೆಟ್ಟು ಎರಡು ಬಗೆಯದು. ಒಣ ದಿನಗಳಲ್ಲಿ ಗಾಳಿ ಕೆರೆಯ ನೀರನ್ನು ಹೆಚ್ಚು ಹೀರುತ್ತದೆ. ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣದ ಕಡೆ ಊರುಗಳು ಮುಳುಗಿದವು. 2023ರಲ್ಲಿ ಆಗಸ್ಟ್ ಪೂರ್ತಿ ಒಣಗಿ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು.

ಜೋರು ಮಳೆ ಬಂದರೆ ಕೆರೆಗೆ ಒಳ್ಳೆಯದಲ್ಲವೇ? ಪೂರ್ತಿ ಅಲ್ಲ. ಸಣ್ಣಗೆ ಹಿಡಿದ ಮಳೆಯನ್ನು ಎರೆ ಮಣ್ಣು ಕುಡಿಯುತ್ತದೆ. ಒಂದೇ ರಾತ್ರಿ ಬಡಿದ ಮಳೆ ಒಡ್ಡು ಒಡೆದು, ಮೇಲ್ಮಣ್ಣು ಹೊತ್ತುಕೊಂಡು ಕೆರೆಗಿಳಿಯುತ್ತದೆ. ಹೂಳು ತುಂಬಿದಂತೆ ಅಷ್ಟೇ ನೀರು ಅಗಲಕ್ಕೆ ಹರಡಿಕೊಳ್ಳುತ್ತದೆ. ತಾಟಿಗೆ ಸುರುವಿದ ಚಹಾದಂತೆ ಬಿಸಿಲಿಗೆ ಮೈಯೊಡ್ಡಿ ಬೇಗ ಆರುತ್ತದೆ. ಹಿಂಗಾರಿಯೂ ಕೈಕೊಟ್ಟರೆ ಹಕ್ಕಿಗಳು ಬರುವ ಹೊತ್ತಿಗೆ ಅಂಗಳದಷ್ಟು ರಾಡಿ ಉಳಿದಿರುತ್ತದೆ. ಇದಕ್ಕೆ ಸಿದ್ಧ ಮದ್ದೆಂದರೆ ಜೆಸಿಬಿ. ಆದರೆ ದಂಡೆ ಕಡಿದು ಬಾವಿಯ ಹಾಗೆ ಆಳ ಮಾಡಿದರೆ ನೀರು ಉಳಿದೀತು, ಕೆಸರಿನಂಚಿನಲ್ಲಿ ಕಾಲೂರಿ ಮೇಯುವ ಹಕ್ಕಿಗೆ ಜಾಗ ಉಳಿಯದು. ಹೂಳೆತ್ತುವುದಾದರೆ ನಡುವೆ ಎತ್ತಿ, ಅಂಚನ್ನು ಇಳಿಜಾರಾಗಿ ಬಿಡಬೇಕು. ಅದಕ್ಕೂ ಮೊದಲು ಮೇಲಿನ ಹೊಲಗಳ ಒಡ್ಡು ಗಟ್ಟಿಯಾಗಬೇಕು ಅನ್ನುವುದು ನನ್ನ ಹಟ.

ಎರಡನೆಯ ಕುತ್ತಿನ ಬಗ್ಗೆ ಇಲ್ಲಿ ಯಾರೂ ಮಾತಾಡುವುದಿಲ್ಲ. ಜಗತ್ತಿನ ಸರಾಸರಿಗಿಂತ ಸುಮಾರು ದುಪ್ಪಟ್ಟು ವೇಗದಲ್ಲಿ ಟಿಬೆಟ್ ಪ್ರಸ್ಥಭೂಮಿ ಬಿಸಿಯಾಗುತ್ತಿದೆ. ಹಕ್ಕಿ ಅಷ್ಟು ದೂರ ಹಾರುವುದು ಅಲ್ಲಿಯ ಚಳಿಗಾಲದಲ್ಲಿ ಹೊಟ್ಟೆಗಿಲ್ಲವೆಂದು, ನಮ್ಮ ಮೇಲಿನ ಪ್ರೀತಿಗಲ್ಲ. ದಕ್ಷಿಣ ಟಿಬೆಟ್ಟಿನ ನದಿ ಕಣಿವೆಗಳಲ್ಲಿ ಈಗಾಗಲೇ ದೊಡ್ಡ ಸಂಖ್ಯೆಯ ಹೆಬ್ಬಾತುಗಳು ಚಳಿಗಾಲ ಕಳೆಯುತ್ತವೆ. ಕೊಯ್ದ ಹೊಲದ ಕಾಳು, ಚಳಿಗಾಲದ ಗೋಧಿ ಅಲ್ಲಿ ಸಿಗುತ್ತದೆ. ಯುರೋಪಿನಲ್ಲಿ ಹೀಗೆಯೇ ಚಳಿಗಾಲಕ್ಕೆ ವಲಸೆ ಬರುವ ಬ್ಯೂಯಿಕ್ ಹಂಸಗಳು ಬ್ರಿಟನ್ನಿಗೆ ಬರುವುದನ್ನು ಕಡಿಮೆ ಮಾಡಿ ಪೂರ್ವದಲ್ಲೇ ತಂಗತೊಡಗಿವೆ. ಮಾಗಡಿಗೂ ಹೀಗಾಗಬಹುದು: ಕೆರೆ ತುಂಬಿರುತ್ತದೆ, ಹಕ್ಕಿಗಳೂ ಎಲ್ಲೋ ಸುಖವಾಗಿರುತ್ತವೆ, ಇಲ್ಲಿಗೆ ಮಾತ್ರ ಬರುವುದಿಲ್ಲ.

ಯಾವ ಕಾರಣಕ್ಕೆ ಹಕ್ಕಿ ಕಡಿಮೆಯಾಯಿತು ಎಂದು ತಿಳಿಯಲು ಎಣಿಕೆಯೊಂದೇ ಸಾಲದು. ಯಾವ ಹಕ್ಕಿ ಎಲ್ಲಿಂದ ಬಂತೆಂದೂ ಗೊತ್ತಿರಬೇಕು. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿದ ಹೆಬ್ಬಾತುಗಳು ಮೈಸೂರು ಕಡೆಯ ಕೆರೆಗಳಲ್ಲಿ ಕಂಡದ್ದಿದೆ. ಈ ಚಳಿಗಾಲ ಮಾಗಡಿಗೆ ಹೋದರೆ, ನಸುಕಿನಲ್ಲೇ ಹೋಗಿ, ಬೈನಾಕ್ಯುಲರ್ ಇರಲಿ. ಕೊರಳಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ ಓದಲು ಬರುವಂಥ ಫೋಟೊ ತೆಗೆದು ಅರಣ್ಯ ಇಲಾಖೆಯವರಿಗೆ ತೋರಿಸಿ.