ಬಳ್ಳಾರಿಯಲ್ಲಿ ಒಂದು ರಾತ್ರಿ ತಂಗಿದ ವಿಮಾನ

ಸಿರುಗುಪ್ಪದ ಹತ್ತಿರ ನಮ್ಮ ಮಾವನ ಗದ್ದೆ ಇದೆ. ಹೋದ ಚಳಿಗಾಲದಲ್ಲಿ ಇಬ್ಬರೂ ಬದುವಿನ ಮೇಲೆ ಕೂತಿದ್ದೆವು. ತಲೆಯ ಮೇಲೆ ಬಿಳಿ ಗೆರೆ ಎಳೆಯುತ್ತಾ ಒಂದು ವಿಮಾನ ಹೋಯಿತು. "ಎಲ್ಲಿಗೆ ಹೊಂಟೈತಪ್ಪಾ ಅದು?" ಅಂದರು ಮಾವ. ಫೋನಿನಲ್ಲಿ ಆ್ಯಪ್ ತೆಗೆದು ನೋಡಿದೆ. ಮುಂಬೈನಿಂದ ಚೆನ್ನೈಗೆ. "ಮತ್ತ ನಮ್ ಹೊಲದ ಮ್ಯಾಲೆ ಹಾಯ್ಕೊಂಡು ಯಾಕ ಹೋಗಬೇಕು?"

ಪ್ರಶ್ನೆ ಚೆನ್ನಾಗಿತ್ತು. ನಕ್ಷೆಯ ಮೇಲೆ ಮುಂಬೈಗೂ ಚೆನ್ನೈಗೂ ಒಂದು ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ಅದು ಸಿರುಗುಪ್ಪದ ಆಸುಪಾಸಿನಲ್ಲೇ ಹಾಯುತ್ತದೆ. ಬಳ್ಳಾರಿ ಆ ದಾರದಿಂದ ಸುಮಾರು 50 ಕಿಲೋಮೀಟರ್ ಪಕ್ಕಕ್ಕಿದೆ. ಹಾಗಾದರೆ ಬಳ್ಳಾರಿ ಮೇಲೆ ಹೋದರೆ ದೊಡ್ಡ ಸುತ್ತು ಅಲ್ವಾ? ಅಲ್ಲ. ಮುಂಬೈ-ಬಳ್ಳಾರಿ ಸುಮಾರು 610 ಕಿಲೋಮೀಟರ್, ಬಳ್ಳಾರಿ-ಚೆನ್ನೈ ಸುಮಾರು 430. ಎರಡನ್ನೂ ಕೂಡಿದರೂ ನೇರ ದಾರಿಗಿಂತ ಹತ್ತು ಕಿಲೋಮೀಟರ್ ಕೂಡ ಜಾಸ್ತಿಯಾಗುವುದಿಲ್ಲ. ಉದ್ದ ದಾರಿಯ ನಡುವೆ ಸ್ವಲ್ಪ ವಾಲಿದರೆ ಅಷ್ಟೇನೂ ನಷ್ಟವಿಲ್ಲ.

ಈ ಲೆಕ್ಕ ಏಕೆ ಹೇಳಿದೆ ಅಂದರೆ, ಏರ್ ಇಂಡಿಯಾದ ಕಥೆಯ ಮೊದಲ ದಿನದಲ್ಲೇ ಬಳ್ಳಾರಿ ಇದೆ.

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಒಂದು ಪುಟ್ಟ ಪಸ್ ಮಾತ್ ವಿಮಾನ ಹಾರಿಸಿಕೊಂಡು ಹೊರಟರು. ಒಂದೇ ಎಂಜಿನ್. ರೇಡಿಯೊ ಇಲ್ಲ. ಹೊತ್ತದ್ದು ಸುಮಾರು 25 ಕಿಲೋ ಟಪಾಲು. ಲಂಡನ್ನಿನಿಂದ ಕರಾಚಿಯವರೆಗೆ ಇಂಪೀರಿಯಲ್ ಏರ್‌ವೇಸ್ ತಂದುಕೊಡುತ್ತಿದ್ದ ಕಾಗದಗಳನ್ನು ದಕ್ಷಿಣಕ್ಕೆ ಮುಟ್ಟಿಸುವುದೇ ಕೆಲಸ. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನದ ಹೊತ್ತಿಗೆ ಮುಂಬೈನ ಜುಹು ತಲುಪಿದರು. ಅಲ್ಲಿಂದ ಮುಂದಕ್ಕೆ ಟಪಾಲು ಹೊತ್ತವನು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿದ್ದ ಪೈಲಟ್, ಈ ಸಾಹಸದಲ್ಲಿ ಜೆ.ಆರ್.ಡಿ.ಯ ಜೊತೆಗಾರ. ಆತ ಬಂದು ಇಳಿದದ್ದು ಬಳ್ಳಾರಿಯಲ್ಲಿ. ರಾತ್ರಿ ಅಲ್ಲೇ ತಂಗಿ ಮರುದಿನ ಮದ್ರಾಸಿಗೆ ಹೋದ.

ತಂಗಲೇಬೇಕಿತ್ತು. ಗಂಟೆಗೆ ಸುಮಾರು 160 ಕಿಲೋಮೀಟರ್ ಓಡುವ ವಿಮಾನಕ್ಕೆ ಜುಹುವಿನಿಂದ ಬಳ್ಳಾರಿಗೆ ನಾಲ್ಕು ಗಂಟೆ ಹತ್ತಿರ. ಅಕ್ಟೋಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಕತ್ತಲಲ್ಲಿ ದಾರಿ ತೋರಿಸುವವರು ಯಾರೂ ಇಲ್ಲ. ಕೋಟೆ ಗುಡ್ಡದ ಬಂಡೆ ಬಯಲಿನ ನಡುವೆ ದೂರದಿಂದಲೇ ಕಾಣುತ್ತದಲ್ಲ, ಅದನ್ನೇ ಗುರುತು ಹಿಡಿದು ಬಂದಿರಬಹುದು ಅನ್ನುವುದು ನನ್ನ ಊಹೆ. ಆಗಿನ್ನೂ ತುಂಗಭದ್ರಾ ಡ್ಯಾಂ ಕಟ್ಟಿರಲಿಲ್ಲ. ಮೇಲಿನಿಂದ ನೋಡಿದರೆ ಕಪ್ಪು ಎರೆ ಮಣ್ಣು, ಕೆಂಪು ಮಸಾರಿ ಮಣ್ಣು, ಬಂಡೆ, ಅಷ್ಟೆ.

ಜಾಸ್ತಿ ಪೆಟ್ರೋಲ್ ತುಂಬಿಕೊಂಡು ಒಂದೇ ಬೀಸಿಗೆ ಹೋಗಬಹುದಿತ್ತಲ್ಲ? ಪೆಟ್ರೋಲ್ ಕೂಡ ಭಾರವೇ, ಲೀಟರಿಗೆ ಮುಕ್ಕಾಲು ಕಿಲೋ ಹತ್ತಿರ. ಗಾಡಿ ತುಂಬ ಮೇವು ಹೇರಿದರೆ ಎತ್ತು ಎಳೆಯುವುದು ತನ್ನ ಮೇವನ್ನೇ. ವಿಮಾನದ್ದೂ ಅದೇ ಪಾಡು. ಟ್ಯಾಂಕ್ ದೊಡ್ಡದಾದಷ್ಟೂ ಟಪಾಲಿಗೆ ಜಾಗ ಕಡಿಮೆ.

ಹಾಗಾಗಿ ನನಗೆ ಈ ಕಂಪನಿಯ ಇತಿಹಾಸ ಅಂದರೆ ನಡುವಿನ ನಿಲ್ದಾಣಗಳನ್ನು ಒಂದೊಂದಾಗಿ ಬಿಟ್ಟುಕೊಂಡು ಬಂದ ಇತಿಹಾಸ. ಟಾಟಾ ಏರ್‌ಲೈನ್ಸ್ 1946ರಲ್ಲಿ ಏರ್ ಇಂಡಿಯಾ ಆಯಿತು. 1948ರ ಜೂನ್‌ನಲ್ಲಿ 'ಮಲಬಾರ್ ಪ್ರಿನ್ಸೆಸ್' ಅನ್ನುವ ಕಾನ್‌ಸ್ಟಲೇಶನ್ ವಿಮಾನ ಮುಂಬೈನಿಂದ ಲಂಡನ್ನಿಗೆ ಹೋಯಿತು. ಕೈರೋ, ಜಿನೀವಾ, ಎರಡೇ ನಿಲ್ದಾಣ. 1953ರ ಆಗಸ್ಟ್‌ನಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನೆಲ್ಲ ವಹಿಸಿಕೊಂಡಿತು. ತಮಾಷೆ ನೋಡಿ, ಅದಾಗಿ ಎರಡೇ ತಿಂಗಳಿಗೆ, ಅಕ್ಟೋಬರ್ 1ಕ್ಕೆ, ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು.

ನಿಜವಾದ ಜಿಗಿತ ಬಂದದ್ದು 1960ರಲ್ಲಿ, ಬೋಯಿಂಗ್ 707 ಜೆಟ್ ಜೊತೆಗೆ. ಜೆಟ್ ಹಾರುವುದು ಹತ್ತು ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಯ ಗಾಳಿ ನೆಲಮಟ್ಟದ ಗಾಳಿಯ ಮೂರನೇ ಒಂದು ಪಾಲಿನಷ್ಟೇ ದಟ್ಟ. ತಡೆ ಕಡಿಮೆ, ಓಟ ಜಾಸ್ತಿ. ಮಾವನ ಗದ್ದೆಯ ಮೇಲೆ ಹೋದದ್ದೂ ಆ ಎತ್ತರದಲ್ಲೇ. ಅಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಎಂಜಿನ್ ಉಗುಳಿದ ನೀರಾವಿ ಮಂಜಿನ ಪುಡಿಯಾಗಿ ಆ ಬಿಳಿ ಗೆರೆ ಮೂಡುತ್ತದೆ.

ಆಮೇಲಿನದು ಏಳುಬೀಳಿನ ಕಥೆ. 1990ರಲ್ಲಿ ಕುವೈತ್ ಯುದ್ಧದ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಊರಿಗೆ ಕರೆತಂದ ಹೆಮ್ಮೆಯೂ ಇದೆ, 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ಕೂಡಿಸಿದ ಮೇಲೆ ಬೆಟ್ಟದಂತೆ ಬೆಳೆದ ಸಾಲವೂ ಇದೆ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ, ಸುಮಾರು 14,000 ಕಿಲೋಮೀಟರ್, ಎಲ್ಲೂ ಇಳಿಯದೆ ಬಂದರು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರೇ. 2022ರ ಜನವರಿಯಲ್ಲಿ ಕಂಪನಿ ಮತ್ತೆ ಟಾಟಾ ಕೈಗೆ ಬಂತು.

ಬಳ್ಳಾರಿ ಜಿಲ್ಲೆಯಲ್ಲಿ ಈಗ ವಿಮಾನ ಹತ್ತಬೇಕಾದರೆ ತೋರಣಗಲ್ಲಿನ ವಿದ್ಯಾನಗರಕ್ಕೆ ಹೋಗಬೇಕು. 2017ರಲ್ಲಿ, ಸಣ್ಣ ಊರುಗಳಿಗೂ ವಿಮಾನ ಮುಟ್ಟಿಸುವ ಸರ್ಕಾರದ ಉಡಾನ್ ಯೋಜನೆಯಲ್ಲಿ, ಅಲ್ಲಿಗೆ ಸಣ್ಣ ವಿಮಾನಗಳು ಬರತೊಡಗಿದವು. ನಮ್ಮ ಬಿಸಿಲು ಪೈಲಟ್‌ಗಳಿಗೂ ತಲೆನೋವೇ. ಗಾಳಿ 15 ಡಿಗ್ರಿಯಿಂದ 42ಕ್ಕೆ ಕಾದರೆ ಶೇಕಡಾ 9ರಷ್ಟು ತೆಳ್ಳಗಾಗುತ್ತದೆ. ರೆಕ್ಕೆಗೆ ಹಿಡಿತ ಸಾಲದು, ಎಂಜಿನ್‌ಗೂ ಗಾಳಿ ಸಾಲದು. ಮೇಲೇಳುವ ಮುಂಚೆ ರನ್‌ವೇ ಮೇಲೆ ಇನ್ನಷ್ಟು ದೂರ ಓಡಬೇಕು.

ಮಾವ ಒಮ್ಮೆ ಅಲ್ಲಿಂದ ಹೈದರಾಬಾದಿಗೆ ಹೋಗಿದ್ದರು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತಂತೆ. ಹೊಳೆ ಕಂಡಿತಂತೆ, ಕಾಲುವೆ ಕಂಡಿತಂತೆ. ಕತ್ತು ನೋಯುವಷ್ಟು ಬಗ್ಗಿ ಹುಡುಕಿದರೂ ತಮ್ಮ ಗದ್ದೆ ಮಾತ್ರ ಯಾವುದು ಅಂತ ಗೊತ್ತಾಗಲಿಲ್ಲವಂತೆ.