ತಂತಿ ಮರಕ್ಕೆ ತಾಗಿದಾಗ

ಜಪಾನಿನ ಕೋಟೋ, ಗಿಟಾರ್, ದೊಡ್ಡ ಪಿಟೀಲಿನಂಥ ಚೆಲ್ಲೋ ಒಟ್ಟಿಗೆ ಕೂತು, ಮೊದಲೇ ಏನೂ ಬರೆದುಕೊಳ್ಳದೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಿದರೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ, ಕ್ಯಾಲಿಫೋರ್ನಿಯಾದ ‘ಮೇಬಿ ಮಂಡೇ’ ತಂಡವನ್ನು ಒಮ್ಮೆ ಕೇಳಿ. ಮಿಯಾ ಮಸಾಓಕಾ ಅವರ ಕೋಟೋ, ಫ್ರೆಡ್ ಫ್ರಿತ್ ಅವರ ಗಿಟಾರ್, ಲ್ಯಾರಿ ಓಕ್ಸ್ ಅವರ ಸ್ಯಾಕ್ಸೋಫೋನ್. 2002ರ ಧ್ವನಿಮುದ್ರಣದಲ್ಲಿ ಜೋನ್ ಜೀನ್‌ರೆನೋ ಅವರ ಚೆಲ್ಲೋ ಕೂಡ ಸೇರಿಕೊಂಡಿತು. ನಮ್ಮ ಸಂಗೀತ ಕಛೇರಿಯಲ್ಲಿ ಆ ಕ್ಷಣಕ್ಕೆ ಹುಟ್ಟುವ ಮನೋಧರ್ಮಕ್ಕೆ ರಾಗ, ತಾಳದ ಆಸರೆ ಇರುತ್ತದೆ, ಅಲ್ವಾ? ಇಲ್ಲಿ ಅದೂ ಇಲ್ಲ. ಹಾಗಾದರೆ ಇವರು ಒಬ್ಬರಿಗೊಬ್ಬರು ಎಲ್ಲಿ ಸಿಗುತ್ತಾರೆ? ಸ್ವರದಲ್ಲಿ ಸಿಗುವುದಕ್ಕಿಂತ ಜಾಸ್ತಿ ಸದ್ದಿನ ಒರಟಿನಲ್ಲಿ ಸಿಗುತ್ತಾರೆ ಅಂತ ನನಗೆ ಅನಿಸುತ್ತದೆ.

ಕೋಟೋ ಸುಮಾರು 180 ಸೆಂಟಿಮೀಟರ್ ಉದ್ದದ ಹಗುರ ಮರದ ವಾದ್ಯ. 13 ತಂತಿ, ಒಂದೊಂದು ತಂತಿಗೂ ಅದರದೇ ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಪುಟ್ಟ ಆಸರೆ. ಕುದುರೆಯನ್ನು ಆಚೀಚೆ ಸರಿಸಿದರೆ ಶ್ರುತಿ ಬದಲಾಗುತ್ತದೆ. ಬಲಗೈ ಬೆರಳಿಗೆ ಕಟ್ಟಿಕೊಂಡ ಉಗುರಿನಿಂದ ಮೀಟಿ, ಎಡಗೈಯಿಂದ ಕುದುರೆಯ ಆಚೆ ಬದಿಯಲ್ಲಿ ತಂತಿಯನ್ನು ಒತ್ತಿದರೆ ಬಿಗಿ ಹೆಚ್ಚಿ ಸ್ವರ ಏರುತ್ತದೆ. ಅರ್ಧ ಸ್ವರ ಏರಿಸಲು ಬಿಗಿ ಸುಮಾರು 12% ಹೆಚ್ಚಬೇಕು, ಪೂರ್ತಿ ಸ್ವರಕ್ಕೆ 26%. ಬೆರಳಿಗೆ ಒಳ್ಳೇ ಕೆಲಸ!

ಮೀಟಿದ ತಂತಿಗೆ ‘ಟಕ್’ ಅನ್ನುವ ಶುರು ಇದೆ, ಆಮೇಲೆ ಅದು ಕರಗುತ್ತಾ ಹೋಗುತ್ತದೆ. ಚೆಲ್ಲೋದ ಕಥೆ ಬೇರೆ. ರಾಳ ಹಚ್ಚಿದ ಕಮಾನು ತಂತಿಯನ್ನು ಹಿಡಿದೆಳೆಯುತ್ತದೆ, ತಂತಿ ಜಾರಿಕೊಳ್ಳುತ್ತದೆ, ಮತ್ತೆ ಹಿಡಿತ, ಮತ್ತೆ ಜಾರು. ಅತಿ ಕೆಳಗಿನ ತಂತಿಯಲ್ಲಿ ಇದು ಸೆಕೆಂಡಿಗೆ ಸುಮಾರು 65 ಸಲ ನಡೆಯುತ್ತದೆ. ವಾದ್ಯ ಯಾವುದು ಅಂತ ಕಿವಿ ಗುರುತಿಸುವುದು ಬಹಳಷ್ಟು ಸದ್ದಿನ ಶುರುವಿನಿಂದಲೇ. ಧ್ವನಿಮುದ್ರಣದಲ್ಲಿ ಆ ಮೊದಲ ಚೂರನ್ನು ಕತ್ತರಿಸಿ ಕೇಳಿಸಿದರೆ ಪಳಗಿದ ಕಿವಿಯೂ ತಡವರಿಸುತ್ತದೆ. ಹಾಗಾಗಿ ಕೋಟೋ ಸದ್ದು ಕರಗುತ್ತಿರುವಾಗ ಅದೇ ಸ್ವರದಲ್ಲಿ ಚೆಲ್ಲೋ ಮೆಲ್ಲಗೆ ಒಳಗೆ ಬಂದರೆ, ಕೋಟೋ ತಂತಿಯೇ ನಿಲ್ಲದೆ ಹಾಡುತ್ತಿದೆ ಅಂತ ನಮಗೆ ಅನಿಸುತ್ತದೆ. ನನಗೆ ಇದು ಮಾಟದಂತೆ ಕಾಣುತ್ತದೆ.

ಇನ್ನು ಶ್ರುತಿ ಸೇರದಿದ್ದರೆ? ಒಂದು ತಂತಿ ಸೆಕೆಂಡಿಗೆ 220 ಸಲ, ಇನ್ನೊಂದು 223 ಸಲ ಅದುರಿದರೆ ಒಟ್ಟು ಸದ್ದು ಸೆಕೆಂಡಿಗೆ 3 ಸಲ ಏರಿ ಇಳಿಯುತ್ತದೆ. ಬೇರೆ ಕಡೆ ಇದನ್ನು ಸರಿಪಡಿಸುತ್ತಾರೆ. ಇಲ್ಲಿ ಬೇಕೆಂದೇ ಉಳಿಸಿಕೊಂಡು, ಆ ಅಲುಗಾಟವನ್ನೇ ಲಯ ಮಾಡಿಕೊಳ್ಳುತ್ತಾರೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಜಪಾನಿನ ಇನ್ನೊಂದು ವಾದ್ಯವಾದ, ಮೂರು ತಂತಿಯ ಶಾಮಿಸೆನ್‌ನಲ್ಲಿ ಎರಡು ತಂತಿಗಳು ಕುತ್ತಿಗೆಯ ಮೇಲ್ತುದಿಯಲ್ಲಿ ಒಂದು ಪಟ್ಟಿಯ ಮೇಲೆ ಕೂರುತ್ತವೆ. ಅತಿ ಕೆಳಗಿನ ಸ್ವರದ ತಂತಿಗೆ ಮಾತ್ರ ಆ ಪಟ್ಟಿ ಇಲ್ಲ. ಅದು ಅದುರುವಾಗ ಮರಕ್ಕೆ ತಾಗಿ ತಾಗಿ ‘ಝುಂಯ್’ ಅನ್ನುತ್ತದೆ. ಇದಕ್ಕೆ ಜಪಾನಿಯಲ್ಲಿ ‘ಸವಾರಿ’ ಅನ್ನುತ್ತಾರೆ. ಅರ್ಥ ತಾಗುವುದು ಅಂತ, ನಮ್ಮ ಸವಾರಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಈ ಝೇಂಕಾರ ನಮಗೆ ಹೊಸದೇನಲ್ಲ. ತಂಬೂರಿಯ ಅಗಲ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು ಪಡೆಯುವುದೂ ಇದನ್ನೇ.

ಸಿ.ವಿ. ರಾಮನ್ 1918ರಲ್ಲಿ ಪಿಟೀಲಿನ ಕಮಾನಿನ ಬಗ್ಗೆ ದೊಡ್ಡ ಪ್ರಬಂಧ ಬರೆದರು. 1921ರಲ್ಲಿ ತಂಬೂರಿ, ವೀಣೆಗಳ ಕಡೆಗೆ ತಿರುಗಿದರು. ತಂತಿ ಅದುರುವಾಗ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಕಂಪನಗಳೂ ಇರುತ್ತವೆ, ಇವೇ ಹಾರ್ಮೋನಿಕ್‌ಗಳು. ಮಾಮೂಲಿ ತಂತಿಯನ್ನು ಸರಿಯಾಗಿ ಮಧ್ಯದಲ್ಲಿ ಮೀಟಿದರೆ, ಮಧ್ಯಭಾಗ ಅದುರದೆ ನಿಲ್ಲಬೇಕಾದ ಹಾರ್ಮೋನಿಕ್‌ಗಳು, ಅಂದರೆ ಎರಡನೆಯದು, ನಾಲ್ಕನೆಯದು ಇಂಥವು, ಹುಟ್ಟುವುದೇ ಇಲ್ಲ. ತಂಬೂರಿಯಲ್ಲಿ ಹೀಗೆ ಇಲ್ಲವಾಗಬೇಕಾದವು ಚೆನ್ನಾಗಿಯೇ ಕೇಳಿಸುತ್ತವೆ ಅಂತ ರಾಮನ್ ತೋರಿಸಿದರು. ತಂತಿ ಬಾಗಿದ ಕುದುರೆಗೆ ತಾಗಿ ಬಿಡುವಾಗ ಕೆಳಗಿನ ಕಂಪನದ ಶಕ್ತಿ ಮೇಲಿನ ಹಾರ್ಮೋನಿಕ್‌ಗಳಿಗೆ ಹಂಚಿಹೋಗುತ್ತದೆ. ಶಾಮಿಸೆನ್‌ನಲ್ಲಿ ನಡೆಯುವುದೂ ಇದೇ ಬಗೆಯ ಹಂಚಿಕೆ.

ಗಿಟಾರಿನಲ್ಲಿ ತಂತಿ ಹೀಗೆ ಬಡಿದರೆ ಅದನ್ನು ದೋಷ ಅನ್ನುತ್ತಾರೆ, ರಿಪೇರಿಗೆ ಒಯ್ಯುತ್ತಾರೆ. ಫ್ರಿತ್ 1974ರ ಹೊತ್ತಿಗೇ ಗಿಟಾರ್ ತಂತಿಗಳಿಗೆ ಕ್ಲಿಪ್‌ಗಳಂಥ ವಸ್ತು ಸಿಕ್ಕಿಸಿ, ಆ ‘ದೋಷ’ವನ್ನೇ ಹುಡುಕಿಕೊಂಡು ಹೋದರು. ಅದಕ್ಕೂ ಮೊದಲು, 1960ರಲ್ಲಿ, ಟೋಕಿಯೊದ ‘ಗ್ರೂಪ್ ಓಂಗಾಕು’ ತಂಡದಲ್ಲಿ ತಾಕೆಹಿಸಾ ಕೊಸುಗಿ ಪಿಟೀಲು ಹಿಡಿದು ಇಂಥದೇ ಹುಡುಕಾಟ ಶುರು ಮಾಡಿದ್ದರು.

ಶಾಮಿಸೆನ್ ನುಡಿಸುವಾಗ ಬಾಚಿ ಎಂಬ ಅಗಲವಾದ ಮೀಟುಗೋಲು ತಂತಿಯ ಜೊತೆಗೆ ವಾದ್ಯಕ್ಕೆ ಬಿಗಿದ ಚರ್ಮಕ್ಕೂ ಬಡಿಯುತ್ತದೆ. ಚೆಲ್ಲೋದಲ್ಲಿ ತಂತಿಯನ್ನು ಜೋರಾಗಿ ಮೇಲೆಳೆದು ಬಿಟ್ಟರೆ ಅದೂ ಮರಕ್ಕೆ ಬಂದು ‘ಟಪ್’ ಅಂತ ಬಡಿಯುತ್ತದೆ. ಈ ಎರಡು ಪೆಟ್ಟು ಒಟ್ಟಿಗೆ ಬಿದ್ದಾಗ ಎರಡೂ ಒಂದೇ ಡೋಲಿನ ಸದ್ದಿನ ಹಾಗೆ ಕೇಳಿಸುತ್ತವೆ. ಪೆಟ್ಟು ಆರಿದ ಮೇಲೆ ಉಳಿಯುವುದು ಶಾಮಿಸೆನ್‌ನ ಝೇಂಕಾರ. ಅದನ್ನು ಹೆಚ್ಚು ಕಡಿಮೆ ಮಾಡಲು ಕೆಲವು ಶಾಮಿಸೆನ್‌ಗಳ ಕುತ್ತಿಗೆಯ ಹಿಂದೆ ಪುಟ್ಟದೊಂದು ಸ್ಕ್ರೂ ಇರುತ್ತದೆ. ತಂಬೂರಿಯ ನೂಲನ್ನು ಕೂದಲೆಳೆಯಷ್ಟು ಸರಿಸುವ ಹಾಗೆಯೇ ಅದನ್ನೂ ಕಿವಿಗೊಟ್ಟು ಕೇಳುತ್ತಾ ಚೂರು ಚೂರೇ ತಿರುಗಿಸುತ್ತಾರೆ.