ನಾಲ್ಕು ಬೆರಳಗಲದ ರಾಜತಂತ್ರ

ಬೀಜಿಂಗ್‌ನಿಂದ ಮಂಗೋಲಿಯಾಕ್ಕೆ ಹೋಗೋ ರೈಲು ಗಡಿ ಊರು ಎರೆನ್‌ಹಾಟ್‌ಗೆ ಬಂದಾಗ ಅದನ್ನ ಒಂದು ದೊಡ್ಡ ಶೆಡ್ಡಿಗೆ ತಳ್ತಾರೆ. ಡಬ್ಬಿಗಳನ್ನ ಬಿಡಿಸಿ, ಜಾಕ್ ಕೊಟ್ಟು, ಜನ ಒಳಗೆ ಕೂತಿರೋ ಹಾಗೇ ಮೇಲಕ್ಕೆತ್ತಿ, ಕೆಳಗಿರೋ ಬೋಗಿ ಎಳೆದು ಬೇರೆ ಅಗಲದ ಬೋಗಿ ಕೂರಿಸ್ತಾರೆ (ನಾವು ಬೋಗಿ ಅನ್ನೋದು ಇಡೀ ಡಬ್ಬಿಗೆ, ರೈಲ್ವೆಯವರಿಗೆ ಬೋಗಿ ಅಂದ್ರೆ ಕೆಳಗಿನ ಚಕ್ರದ ಸೆಟ್ಟು ಮಾತ್ರ). ಅಷ್ಟೂ ಹೊತ್ತು ಟಾಯ್ಲೆಟ್ಟಿಗೆ ಬೀಗ, ಗಂಟೆಗಟ್ಟಲೆ ಕಾಯಬೇಕು. ಇಷ್ಟೆಲ್ಲಾ ಯಾಕೆ ಅಂದ್ರೆ ಚೀನಾದಲ್ಲಿ ಎರಡು ಹಳಿಗಳ ನಡುವಿನ ಅಂತರ 1435 ಮಿಲಿಮೀಟರ್, ಮಂಗೋಲಿಯಾದ್ದು ರಷ್ಯಾದ ಅಳತೆ, 1520. ವ್ಯತ್ಯಾಸ 85 ಮಿಲಿಮೀಟರ್, ಅಂದ್ರೆ ಹೆಚ್ಚುಕಮ್ಮಿ ನಾಲ್ಕು ಬೆರಳು.

ನಮ್ಮಲ್ಲಿ ಮೀಟರ್ ಗೇಜ್ ಕಾಲ ನೋಡಿದವರು ಕೇಳಬಹುದು, ಮಧ್ಯದಲ್ಲಿ ಇನ್ನೊಂದು ಹಳಿ ಹಾಕಿದ್ರೆ ಆಯ್ತಲ್ಲ ಅಂತ. ನಮ್ಮ ಬ್ರಾಡ್ ಗೇಜ್ 1676, ಮೀಟರ್ ಗೇಜ್ 1000, ನಡುವೆ ಬೇಕಾದಷ್ಟು ಜಾಗ, ಮೂರನೇ ಹಳಿ ಆರಾಮಾಗಿ ಕೂರುತ್ತೆ. ಆದ್ರೆ ಒಂದು ಹಳಿಯ ಬುಡವೇ ಸುಮಾರು 150 ಮಿಲಿಮೀಟರ್ ಅಗಲ ಇರುತ್ತೆ, ಹಾಗಾಗಿ 85ರ ಸಂದಿಯಲ್ಲಿ ಇನ್ನೊಂದು ಹಳಿ ಹಿಡಿಸೋದೇ ಇಲ್ಲ. ಎರಡೂ ಥರದ ರೈಲು ಓಡಬೇಕು ಅಂದ್ರೆ ನಾಲ್ಕು ಹಳಿ ಬೇಕು. ವ್ಯತ್ಯಾಸ ದೊಡ್ಡದಿದ್ದಿದ್ರೆ ಸುಲಭ ಆಗ್ತಿತ್ತು, ಚಿಕ್ಕದಾಗಿರೋದೇ ತೊಂದರೆ!

ಮಂಗೋಲಿಯಾ ವಿಸ್ತೀರ್ಣದಲ್ಲಿ ಚಿಕ್ಕದೇನಲ್ಲ, ಕರ್ನಾಟಕದ ಎಂಟು ಪಟ್ಟು ಇದೆ, ಆದ್ರೆ ಜನ ಸುಮಾರು 35 ಲಕ್ಷ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಉಲಾನ್‌ಬಾತರ್ ಒಂದರಲ್ಲೇ. ಸಮುದ್ರ ಇಲ್ಲ. ಬಡಗಣಕ್ಕೆ ರಷ್ಯಾ, ಉಳಿದ ಕಡೆಯೆಲ್ಲ ಚೀನಾ, ಮೂರನೇ ದೇಶದ ಗಡಿಯೇ ಇಲ್ಲ. ಅತ್ತ ದರಿ ಇತ್ತ ಪುಲಿ ಅನ್ನೋ ಮಾತು ಭೂಪಟದಲ್ಲೇ ನೋಡಬೇಕು ಅಂದ್ರೆ ಇಲ್ಲಿ ನೋಡಿ.

1911ರಲ್ಲಿ ಚೀನಾದ ಚಿಂಗ್ ದೊರೆಗಳಿಂದ ಬಿಡಿಸಿಕೊಳ್ತು, ಆಮೇಲೆ 1921ರಲ್ಲಿ ಸೋವಿಯತ್ ಸೇನೆ ನೆರವಿನಿಂದ ಕ್ರಾಂತಿ ಆಯ್ತು, ಮುಂದೆ ಸುಮಾರು 70 ವರ್ಷ ಮಾಸ್ಕೋ ಹೇಳಿದ್ದೇ ವೇದವಾಕ್ಯ, ಲಿಪಿ ಕೂಡ ರಷ್ಯನ್ನರ ಸಿರಿಲಿಕ್ ಆಗೋಯ್ತು. ರೈಲು 1949ರಲ್ಲಿ ಉಲಾನ್‌ಬಾತರ್‌ಗೆ ಬಂತು, 1956ರಲ್ಲಿ ಚೀನಾಕ್ಕೆ ಕೂಡಿಕೊಳ್ತು. ಆಗ ಚೀನಾ ಸೋವಿಯತ್ ಗೆಳೆಯ, ಗಡಿಯಿಂದ ಒಳಗೆ ಒಂದಷ್ಟು ದೂರ ತಾನೂ ರಷ್ಯಾದ ಅಳತೆಯಲ್ಲೇ ಹಳಿ ಹಾಕಿತ್ತು, ಇಬ್ಬರಿಗೂ ಮುನಿಸು ಬಂದ ಮೇಲೆ 1965ರಲ್ಲಿ ಕಿತ್ತು 1435ಕ್ಕೆ ಮಾಡ್ತು. ದೊಡ್ಡವರ ಜಗಳ ಹಳಿಯ ಅಳತೆಗೂ ಇಳಿಯುತ್ತೆ ನೋಡಿ.

1990ರಲ್ಲಿ ಪ್ರಜಾಪ್ರಭುತ್ವ ಬಂತು, ಆ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಹೋಗಿ ನಾವು ನಿಮ್ಮ ಮೂರನೇ ನೆರೆಯವರು ಅಂತ ಹೇಳಿ ಬಂದ್ರು. ತಮಾಷೆ ಏನಂದ್ರೆ ಅದೇ ವೇಳೆ ಇರಾಕ್ ಕುವೈತ್ ಮೇಲೆ ನುಗ್ಗಿತು, ಬೇಕರ್ ಭೇಟಿ ಅರ್ಧಕ್ಕೇ ಮೊಟಕುಗೊಳಿಸಿ ಹೊರಟರು. ಆದ್ರೆ ಮಾತು ಉಳೀತು. ಮಂಗೋಲಿಯನ್ನರು ಅದನ್ನ ನೀತಿಯನ್ನಾಗೇ ಮಾಡ್ಕೊಂಡ್ರು: ಅಮೆರಿಕ, ಜಪಾನ್, ಕೊರಿಯಾ, ಯೂರೋಪ್, ಭಾರತ, ಎಲ್ಲರ ಜತೆಗೂ ನಂಟು. ಯಾವುದೇ ಒಂದು ದೇಶದ ಹೂಡಿಕೆ ಒಟ್ಟು ವಿದೇಶಿ ಹೂಡಿಕೆಯ ಮೂರನೇ ಒಂದು ಭಾಗ ಮೀರಬಾರದು ಅಂತ 2010ರ ಭದ್ರತಾ ನೀತಿಯಲ್ಲೇ ಬರೆದಿಟ್ಟರು. ಅದಕ್ಕೂ ಮೊದಲೇ 1992ರಲ್ಲಿ ನಮ್ಮದು ಅಣ್ವಸ್ತ್ರ ಇಲ್ಲದ ನಾಡು ಅಂತ ಸಾರಿದ್ರು, ಯಾರ ಬಾಂಬೂ ಇಲ್ಲಿ ಇಡೋ ಹಾಗಿಲ್ಲ ಅಂದ್ರೆ ಯಾರೂ ಬಂದು ಇಡಿ ಅಂತ ಒತ್ತಾಯಿಸೋಕೂ ಆಗಲ್ಲ, ಬುದ್ಧಿವಂತಿಕೆ ಅಂದ್ರೆ ಇದು.

ಆದ್ರೆ ಕಾಗದದಲ್ಲಿ ಇರೋ ನೆರೆಯವನ ಮನೆಗೆ ದಾರಿ ಎಲ್ಲಿದೆ? ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ರಫ್ತಿನಲ್ಲಿ ಶೇ. 80ಕ್ಕಿಂತ ಹೆಚ್ಚು ಹೋಗೋದು ಚೀನಾಕ್ಕೇ, ಮುಖ್ಯವಾಗಿ ಕಲ್ಲಿದ್ದಲು, ತಾಮ್ರ. ಪೆಟ್ರೋಲು ಡೀಸೆಲ್ಲು ಸುಮಾರು ಶೇ. 95 ಬರೋದು ರಷ್ಯಾದಿಂದ. ವಿಮಾನದಲ್ಲಿ ಕಳಿಸ್ತೀನಿ ಅಂದ್ರೂ ಇವರಿಬ್ಬರಲ್ಲಿ ಒಬ್ಬರ ಆಕಾಶ ದಾಟಲೇಬೇಕು.

2016ರ ನವೆಂಬರಿನಲ್ಲಿ ದಲಾಯಿ ಲಾಮಾ ಉಲಾನ್‌ಬಾತರ್‌ಗೆ ಹೋದ್ರು. ಅಲ್ಲಿನ ಬೌದ್ಧರಿಗೆ ಅವರು ಗುರು, ನಮ್ಮ ಮುಂಡಗೋಡಿನ ಡ್ರೆಪುಂಗ್ ಗೋಮಾಂಗ್ ಮಠದಲ್ಲಿ ಓದೋಕೆ ಮಂಗೋಲಿಯಾದ ಹುಡುಗರು ಬರೋದೂ ಇದೇ ನಂಟಿನಿಂದ. ಚೀನಾ ಸೈನ್ಯ ಗೀನ್ಯ ಕಳಿಸಲಿಲ್ಲ. ಸಾಲದ ಮಾತುಕತೆ ಮುಂದಕ್ಕೆ ಹಾಕ್ತು, ಗಡಿ ದಾಟೋ ಸರಕಿಗೆ ಹೊಸ ಶುಲ್ಕ ಹಾಕ್ತು, ಅಷ್ಟೇ. ಮೇಲಿಂದ ಚಳಿಗಾಲ. ಡಿಸೆಂಬರಿನಲ್ಲಿ ಮಂಗೋಲಿಯಾದ ವಿದೇಶಾಂಗ ಮಂತ್ರಿ ಈ ಸರ್ಕಾರ ಇರೋವರೆಗೆ ದಲಾಯಿ ಲಾಮಾ ಅವರನ್ನ ಕರೆಸಲ್ಲ ಅಂದ್ರು. ಭಾರತದ ಸಹಾಯವನ್ನೂ ಕೇಳಿದ್ರು, ನಾವು 2015ರಲ್ಲಿ ಕೊಡ್ತೀವಿ ಅಂದಿದ್ದ 100 ಕೋಟಿ ಡಾಲರ್ ಸಾಲ ನೆನಪಿಸಿದ್ವಿ.

ಇನ್ನೊಂದು ಕಡೆಯಿಂದ ಒತ್ತಡ ಬಂದಿದ್ದು 2024ರ ಸೆಪ್ಟೆಂಬರಿನಲ್ಲಿ. ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ವಾರಂಟ್ ಇದ್ದ ಪುಟಿನ್ ಅಲ್ಲಿಗೆ ಬಂದಿಳಿದ್ರು. ಮಂಗೋಲಿಯಾ ಆ ಕೋರ್ಟಿನ ಸದಸ್ಯ, ಹಿಡಿದು ಕೊಡಬೇಕಿತ್ತು, ಹಿಡಿಯೋ ಬದಲು ಗೌರವ ವಂದನೆ ಕೊಟ್ಟು ಕಳಿಸಿದ್ರು. ಇಂಧನ ಶೇ. 95, ಕರೆಂಟು ಶೇ. 20ಕ್ಕಿಂತ ಹೆಚ್ಚು ನೆರೆಯ ದೇಶಗಳಿಂದಲೇ ಬರುತ್ತೆ ಅಂತ ಸರ್ಕಾರದ ವಕ್ತಾರರು ಸಮಜಾಯಿಷಿ ಕೊಟ್ರು. ಪಶ್ಚಿಮದ ಪತ್ರಿಕೆಗಳು ಬೈದವು. ನನಗಂತೂ ಬೈಯೋಕೆ ಮನಸ್ಸು ಬರಲಿಲ್ಲ, ಮೈನಸ್ 30ರಲ್ಲಿ ಡೀಸೆಲ್ ಇಲ್ಲದೆ ಕೂರೋರು ಆ ಪತ್ರಿಕೆಯವರಲ್ಲವಲ್ಲ.

ಈಗ ಮತ್ತೆ ಹಳಿಗೆ ಬರೋಣ. ಗೋಬಿ ಮರುಭೂಮಿಯ ತವಾನ್ ತೊಲ್ಗೊಯಿ ಕಲ್ಲಿದ್ದಲು ಗಣಿಯಿಂದ ಚೀನಾ ಗಡಿಗೆ ಹೊಸ ರೈಲು ಬೇಕಿತ್ತು, 233 ಕಿಲೋಮೀಟರ್. ಸರಕೆಲ್ಲ ಹೋಗೋದು ಚೀನಾಕ್ಕೆ, ಲೆಕ್ಕ ನೋಡಿದ್ರೆ ಚೀನಾ ಅಳತೆಯೇ ಅಗ್ಗ, ಗಡಿಯಲ್ಲಿ ನಿಲ್ಲಿಸೋ ಗೋಜಿಲ್ಲ. ಇದರ ಮೇಲೆ ವರ್ಷಗಟ್ಟಲೆ ಜಗಳ ಆಡಿದ್ರು, ನಿರ್ಧಾರ ಬದಲಾಯಿಸಿದ್ರು, ಅಷ್ಟು ವರ್ಷ ಕಲ್ಲಿದ್ದಲು ಲಾರಿಗಳು ಗಡಿಯಲ್ಲಿ ಮೈಲಿಗಟ್ಟಲೆ ಸಾಲು ನಿಂತವು. ಕೊನೆಗೆ 2022ರಲ್ಲಿ ರೈಲು ಶುರುವಾದಾಗ ಹಳಿ 1520. ಎಕನಾಮಿಕ್ಸ್ ಗೊತ್ತಿದ್ದವರು ತಲೆ ಚಚ್ಚಿಕೊಳ್ತಾರೆ, ಆದ್ರೆ ಚೀನಾದ ರೈಲು ಸೀದಾ ಮನೆಯೊಳಗೆ ನುಗ್ಗಬಾರದು ಅನ್ನೋ ಭಯಕ್ಕೆ ಎಷ್ಟು ಬೆಲೆ ಅಂತ ಎಕ್ಸೆಲ್ ಶೀಟಿನಲ್ಲಿ ಹಾಕೋದು ಹೇಗೆ? ಹಾಗಂತ ಇದು ಪುಕ್ಕಟೆ ಸ್ವಾತಂತ್ರ್ಯವೂ ಅಲ್ಲ. ಹಳೇ ಮುಖ್ಯ ರೈಲುಮಾರ್ಗ ನಡೆಸೋ ಕಂಪನಿಯಲ್ಲಿ ಇವತ್ತಿಗೂ ಅರ್ಧ ಪಾಲು ರಷ್ಯಾದ್ದು, ಚೀನಾವನ್ನ ತಡೆಯೋ ಅಳತೆಯೇ ರಷ್ಯಾಕ್ಕೆ ಬಾಗಿಲು ತೆರೆದಿಡುತ್ತೆ.

ನಾವು ಕೊಟ್ಟ ಸಾಲದಲ್ಲಿ ಸೈನ್‌ಶಾಂಡ್ ಹತ್ತಿರ ರಿಫೈನರಿ ಕಟ್ತಾ ಇದ್ದಾರೆ, 2018ರಲ್ಲಿ ಅಡಿಗಲ್ಲು ಬಿತ್ತು, ವರ್ಷಕ್ಕೆ 15 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸೋ ಗುರಿ. ಇಷ್ಟು ದಿನ ತಮ್ಮ ನೆಲದ ಕಚ್ಚಾತೈಲ ಚೀನಾಕ್ಕೆ ಮಾರಿ, ಸಂಸ್ಕರಿಸಿದ್ದನ್ನ ರಷ್ಯಾದಿಂದ ಕೊಳ್ತಾ ಇದ್ರು, ಅದು ತಪ್ಪಲಿ ಅಂತ. ಒಳ್ಳೆ ಕೆಲಸ. ಆದ್ರೆ ಸಮುದ್ರದ ಮೇಲೆ ಮಂಗೋಲಿಯಾಕ್ಕೆ ಹೊರಟ ಸಾಮಾನು ಸಾಮಾನ್ಯವಾಗಿ ಇಳಿಯೋದು ಚೀನಾದ ತಿಯಾನ್‌ಜಿನ್ ಬಂದರಿನಲ್ಲಿ, ಅಲ್ಲಿಂದ ರೈಲಿಗೆ ಹಾಕಿದ್ರೆ ಮತ್ತದೇ ಎರೆನ್‌ಹಾಟ್ ದಾರಿ, ಅದೇ ನಾಲ್ಕು ಬೆರಳು.